ಸರ್ಜನ್ ಮಾತು ಕೇಳಬೇಕು ನಿಜ, ಅವರಿಗೆ ನೀವೇನು ಹೇಳಿದ್ದೀರಿ?

ತೂಕ ಇಳಿಸುವ ಆಪರೇಷನ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ, ಹುಬ್ಬಳ್ಳಿಯಲ್ಲಿ ಶುಗರ್ ಮತ್ತು ಬೊಜ್ಜಿನ ತೊಂದರೆ ನೋಡುವ ಫಿಜಿಷಿಯನ್ ಉತ್ತರ.

ಪ್ರಶ್ನೆ: ನಾನು ಗದಗಿನವಳು, ಹೈಸ್ಕೂಲ್ ಟೀಚರ್. ವಯಸ್ಸು 43, ಎತ್ತರ 158 ಸೆಂ.ಮೀ., ತೂಕ 104 ಕೆ.ಜಿ. ಏಳು ವರ್ಷದಿಂದ ಶುಗರ್ ಇದೆ, ಹೋದ ವರ್ಷ ಇನ್ಸುಲಿನ್ ಶುರುವಾಯಿತು. ಹುಬ್ಬಳ್ಳಿಯಲ್ಲಿ ಸರ್ಜನ್‌ಗೆ ತೋರಿಸಿದೆ. ರಿಪೋರ್ಟ್ ನೋಡಿ ಹತ್ತೇ ನಿಮಿಷದಲ್ಲಿ "ಸ್ಲೀವ್ ಮಾಡಿಸ್ರಿ, ಸರಳ ಐತಿ" ಅಂದರು. ಬೆಂಗಳೂರಿನಲ್ಲಿರುವ ನನ್ನ ನಾದಿನಿಗೆ ತೂಕಕ್ಕೇ ಹೊಟ್ಟೆಯ ಬೈಪಾಸ್ ಆಗಿದೆ. ಅವಳು "ಶುಗರ್ ಇದ್ದವ್ರಿಗೆ ಬೈಪಾಸೇ ಸರಿ" ಅಂತಾಳೆ. ಯಾರ ಮಾತು ಕೇಳಲಿ? ರಾತ್ರಿ ಎದೆ ಉರಿಯುತ್ತದೆ, ಗ್ಯಾಸಿನ ಗುಳಿಗೆ ತಗೋತೀನಿ. ಮೊಣಕಾಲು ನೋವಿಗೂ ಮೆಡಿಕಲ್ ಶಾಪಿನಿಂದ ಗುಳಿಗೆ ತರಿಸುತ್ತೇನೆ. ಇದೆಲ್ಲ ಸಣ್ಣದು ಅಂತ ಡಾಕ್ಟರಿಗೆ ಹೇಳಲಿಲ್ಲ.

ಉತ್ತರ: ಟೀಚರ್, ನಿಮ್ಮ ಪತ್ರದ ಕೊನೆಯ ಮೂರು ಸಾಲು ಇಲ್ಲದೇ ಹೋಗಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು. ಆ ಮೂರು ಸಾಲು ನಿಮ್ಮ ಸರ್ಜನ್‌ಗೆ ಸಿಕ್ಕಿಲ್ಲ. ಅವರು ಕೇಳಬೇಕಿತ್ತು, ಒಪ್ಪುತ್ತೇನೆ. ಕೇಳದಿದ್ದರೂ ನೀವು ಹೇಳಬೇಕಿತ್ತು.

ಆಪರೇಷನ್ ಬೇಕೋ ಬೇಡವೋ ಅನ್ನುವ ವಿಷಯದಲ್ಲಿ ಅವರ ಲೆಕ್ಕ ಸರಿ ಇದೆ. ನಿಮ್ಮ ಬಿಎಂಐ ಸುಮಾರು 41.7. (ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ ಇದು.) ಬಿಎಂಐ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ, ಇಲ್ಲದಿರಲಿ, ಆಪರೇಷನ್ ಸಲಹೆ ಕೊಡಬಹುದು ಎಂದು ಈ ಕ್ಷೇತ್ರದ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸರ್ಜನ್ ಸಂಘಗಳು 2022ರಲ್ಲಿ ಕೂಡಿ ಹೇಳಿವೆ. ನಮ್ಮಂಥ ಏಷ್ಯಾದವರಿಗೆ ಗೆರೆ ಇನ್ನೂ ಕೆಳಗಿದೆ, ಯಾಕಂದ್ರೆ ನಮಗೆ ಕಡಿಮೆ ತೂಕಕ್ಕೇ ಶುಗರ್ ಬರುತ್ತದೆ. ನೀವು ಆ ಗೆರೆ ದಾಟಿ ಬಹಳ ದೂರ ಬಂದಿದ್ದೀರಿ.

ಪ್ರಶ್ನೆ ಇರುವುದು ಯಾವ ಆಪರೇಷನ್ ಅನ್ನುವುದರಲ್ಲಿ. ಸ್ಲೀವ್ ಎಂದರೆ ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕೂ ಜಾಸ್ತಿ ಕತ್ತರಿಸಿ ತೆಗೆಯುವುದು. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ತೆಗೆದದ್ದನ್ನು ಮತ್ತೆ ಜೋಡಿಸಲು ಆಗುವುದಿಲ್ಲ. ಕರುಳಿಗೆ ಕೈ ಹಚ್ಚುವುದಿಲ್ಲ, ಸಮಯ ಕಡಿಮೆ ಸಾಕು, ಹಾಗಾಗಿ ಸರ್ಜನ್ ಭಾಷೆಯಲ್ಲಿ ಅದು "ಸರಳ". ಜಗತ್ತಿನಲ್ಲಿ ಈಗ ಹೆಚ್ಚಾಗಿ ಮಾಡುವುದೂ ಅದನ್ನೇ. ಆದರೆ ಚೀಲ ಕಿರಿದಾದ ಮೇಲೆ ಒಳಗೆ ಒತ್ತಡ ಜಾಸ್ತಿ. ಆಸಿಡ್ ಮೇಲಕ್ಕೆ ಬರುವ ರೋಗ ಮೊದಲೇ ಇದ್ದರೆ ಕೆರಳಬಹುದು. ಸ್ವಿಟ್ಜರ್ಲೆಂಡಿನಲ್ಲಿ ರೋಗಿಗಳನ್ನು ಸ್ಲೀವ್, ಬೈಪಾಸ್ ಅಂತ ಎರಡು ಗುಂಪು ಮಾಡಿ ಐದು ವರ್ಷ ನೋಡಿಕೊಂಡು ಬಂದು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲೇ ಈ ತೊಂದರೆ ಇದ್ದವರಲ್ಲಿ ಸ್ಲೀವ್ ಆದ ಮೇಲೆ ಸುಮಾರು 32% ಜನರಿಗೆ ಅದು ಹೆಚ್ಚಾಯಿತು. ಬೈಪಾಸ್ ಆದವರಲ್ಲಿ ಹೆಚ್ಚಾದದ್ದು ಸುಮಾರು 6% ಜನರಿಗೆ ಮಾತ್ರ. ಇಳಿದ ತೂಕದಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನೀವು "ಸಣ್ಣದು" ಅಂದ ಎದೆ ಉರಿ ಎಷ್ಟು ದೊಡ್ಡದು ನೋಡಿ.

ಹಾಗಾದರೆ ನಾದಿನಿ ಗೆದ್ದಳು ಅಂದ್ಕೋಬೇಡಿ. ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಎಂ.ಎಲ್. ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣ ಕರುಳಿನ ಆರಂಭದ ತುಣುಕನ್ನು ಬಿಟ್ಟು ಅದರ ಮುಂದಿನ ಭಾಗಕ್ಕೆ ನೇರವಾಗಿ ಸೇರಿಸುತ್ತಾರೆ. ಶುಗರ್ ಹತೋಟಿಗೆ ಇದು ಬಹಳ ಒಳ್ಳೆಯದು, ಎದೆ ಉರಿಗೂ ಒಳ್ಳೆಯದು. ಆದರೆ ಚೀಲ ಮತ್ತು ಕರುಳು ಕೂಡಿದ ಜಾಗ ನಾಜೂಕು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ನುಂಗುತ್ತಿದ್ದರೆ ಅಲ್ಲಿ ಹುಣ್ಣಾಗಬಹುದು. ರಕ್ತ ಸೋರಬಹುದು, ತೂತೂ ಬೀಳಬಹುದು. ಅದಕ್ಕೇ ಬೈಪಾಸ್ ಆದವರಿಗೆ ಈ ಗುಳಿಗೆಗಳನ್ನು ಜೀವನಪೂರ್ತಿ ಬಿಡಲು ಹೇಳುತ್ತೇವೆ. ನಿಮ್ಮ ಮೊಣಕಾಲಿಗೆ ಮೆಡಿಕಲ್ ಶಾಪಿನವರು ಕೊಡುವುದು ಹೆಚ್ಚಾಗಿ ಇದೇ ಜಾತಿಯ ಗುಳಿಗೆ.

ಅಂದರೆ ನಿಮ್ಮ ಎದೆ ಉರಿ ಸ್ಲೀವ್ ಬೇಡ ಅನ್ನುತ್ತಿದೆ. ಮೊಣಕಾಲಿನ ಗುಳಿಗೆ ಬೈಪಾಸ್ ಬೇಡ ಅನ್ನುತ್ತಿದೆ. ಶುಗರ್ ಬೈಪಾಸ್ ಕಡೆ ವಾಲುತ್ತಿದೆ. ಇದನ್ನು ತೂಗಿ ನೋಡುವುದೇ ಸರ್ಜನ್ ಕೆಲಸ. ಅವರಿಗೆ ಸಿಕ್ಕಿದ್ದು ಮೂರರಲ್ಲಿ ಒಂದೇ.

ಈಗ ಮಾಡಬೇಕಾದ್ದು ಇಷ್ಟು. ಅದೇ ಸರ್ಜನ್ ಹತ್ತಿರ ಇನ್ನೊಮ್ಮೆ ಹೋಗಿ. ಮನೆಯಲ್ಲಿರುವ ಗುಳಿಗೆ ಶೀಟುಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ, ಗ್ಯಾಸಿನದೂ ಸೇರಿ. "ಬಿಳಿ ಗುಳಿಗಿ, ಉದ್ದಂದು" ಅಂತ ಬಾಯಲ್ಲಿ ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎಂಡೋಸ್ಕೋಪಿ ಆಗಿಲ್ಲದಿದ್ದರೆ ಮಾಡಿಸಿ. ಅನ್ನನಾಳ ಎಷ್ಟು ಸುಟ್ಟಿದೆ, ಹೊಟ್ಟೆಯ ಮೇಲ್ಭಾಗ ಎದೆಗೂಡಿನ ಕಡೆ ಜಾರಿದೆಯಾ, ಹುಣ್ಣು ತರುವ ಬ್ಯಾಕ್ಟೀರಿಯಾ ಇದೆಯಾ ಅಂತ ಅದರಲ್ಲಿ ತಿಳಿಯುತ್ತದೆ. ಆಮೇಲೆ ನೇರವಾಗಿ ಕೇಳಿ: "ಸರ್, ನನಗೆ ಸ್ಲೀವ್ ಬೇಡ ಅನ್ನೋಕೆ ಕಾರಣ ಏನಾದ್ರೂ ಇದೆಯಾ?" ಯಾಕೆ ಬೇಕು ಅಂತ ಕೇಳಿದರೆ ಎಲ್ಲರ ಹತ್ತಿರವೂ ಉತ್ತರ ರೆಡಿ ಇರುತ್ತದೆ. ಯಾಕೆ ಬೇಡ ಅಂತ ಕೇಳಿದಾಗ ಮಾತ್ರ ನಿಮ್ಮ ಫೈಲನ್ನು ಮತ್ತೆ ತೆರೆಯಬೇಕಾಗುತ್ತದೆ. ಎರಡೂ ಆಪರೇಷನ್ ಅವರೇ ಮಾಡುತ್ತಾರಾ ಅಂತಲೂ ಕೇಳಿ. ಬರೀ ಸ್ಲೀವ್ ಮಾಡುವವರು ಸ್ಲೀವ್ ಹೇಳುವುದರಲ್ಲಿ ಮೋಸ ಇರಬೇಕಂತಿಲ್ಲ, ಕೈ ಪಳಗಿದ ಕೆಲಸದ ಮೇಲೆ ಎಲ್ಲರಿಗೂ ಭರವಸೆ ಜಾಸ್ತಿ. ಆದರೆ ಅದು ನಿಮಗೆ ಗೊತ್ತಿರಬೇಕು.

ಎಲ್ಲ ನೋಡಿಯೂ ಅವರು ಸ್ಲೀವೇ ಅನ್ನಬಹುದು. ಎಂಡೋಸ್ಕೋಪಿಯಲ್ಲಿ ಅನ್ನನಾಳ ಸ್ವಚ್ಛ ಇದ್ದು, ರಾತ್ರಿ ಹತ್ತಕ್ಕೆ ಖಾರದ ಊಟ ಮಾಡಿ ತಕ್ಷಣ ಮಲಗುವುದರಿಂದ ಉರಿ ಬರುತ್ತಿದ್ದರೆ, ಮೊಣಕಾಲಿಗೆ ಗುಳಿಗೆ ತಪ್ಪುವುದೇ ಇಲ್ಲ ಅಂತಾದರೆ, ಸ್ಲೀವ್ ಹೇಳುವುದಕ್ಕೂ ಅರ್ಥ ಇದೆ. ಆಗ ಅದೇ ಮಾತನ್ನು ನಾನೂ ನಂಬುತ್ತೇನೆ. ಮನಸ್ಸು ಒಪ್ಪದಿದ್ದರೆ ಇನ್ನೊಬ್ಬ ಸರ್ಜನ್‌ಗೆ ತೋರಿಸಿ. "ಡಾಕ್ಟ್ರು ಸಿಟ್ಟಾಗ್ತಾರ್ರಿ" ಅಂತ ನಮ್ಮ ಕಡೆ ಜನ ಬಹಳ ಹಿಂಜರಿಯುತ್ತಾರೆ. ಸುಮ್ನೆ ರಿಪೋರ್ಟಿನ ಕಾಪಿ ಕೇಳಿ ತಗೊಂಡು ಹೋಗಿ. ಸಿಟ್ಟಾಗುವವರ ಕೈಯಲ್ಲಿ ಹೊಟ್ಟೆ ಕೊಡದಿರುವುದೇ ವಾಸಿ.

ನಾದಿನಿಯನ್ನೂ ಕೈಬಿಡಬೇಡಿ. ಆಪರೇಷನ್ ಆಯ್ಕೆಗೆ ಅವಳ ಮಾತು ಬೇಡ, ಆಮೇಲಿನ ಬದುಕಿಗೆ ಬೇಕು. ಒಂದು ಮದುವೆಯಲ್ಲಿ ಎರಡು ಧಾರವಾಡ ಪೇಢಾ ತಿಂದರೆ ಏನಾಗುತ್ತದೆ ಅಂತ ಕೇಳಿ ನೋಡಿ. ಬೈಪಾಸ್ ಆದ ಹಲವರಿಗೆ ಸಿಹಿ ಒಮ್ಮೆಲೇ ಕರುಳಿಗೆ ಇಳಿದು ಎದೆ ಡವಗುಟ್ಟುತ್ತದೆ, ಬೆವರು ಕಿತ್ತು ಬರುತ್ತದೆ, ಪಾಯಖಾನೆಗೆ ಓಡಬೇಕಾಗುತ್ತದೆ. ಮೂರನೇ ತಿಂಗಳಿಂದ ಕೂದಲು ಎಷ್ಟು ಉದುರಿತು, ಮತ್ತೆ ಯಾವಾಗ ಬಂತು, ಇದನ್ನೂ ಕೇಳಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವು ಜೀವನಪೂರ್ತಿ. ನೀವು ಸಸ್ಯಾಹಾರಿಯಾದರೆ ಇನ್ನೂ ಹುಷಾರಾಗಿರಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, ತಟ್ಟೆ ಮಾತ್ರ ಮಗುವಿನದಷ್ಟು. ಅಲ್ಲಿ ರೊಟ್ಟಿಗೆ ಮೊದಲ ಜಾಗ ಕೊಟ್ಟರೆ ಮಡಕಿಕಾಳು, ಮೊಸರು, ಪನೀರಿಗೆ ಜಾಗವೇ ಉಳಿಯುವುದಿಲ್ಲ. ಕಾಳು ಮೊದಲು, ರೊಟ್ಟಿ ಆಮೇಲೆ. ಊಟದ ನಡುವೆ ನೀರು ಬೇಡ.

ನನ್ನ ಕಡೆಯಿಂದ ಎರಡು ಎಚ್ಚರಿಕೆ. ಆಪರೇಷನ್ ಆದ ಕೆಲವೇ ದಿನಗಳಲ್ಲಿ ಇನ್ಸುಲಿನ್ ಕಡಿಮೆ ಮಾಡಬೇಕಾಗುತ್ತದೆ. ಹಳೇ ಡೋಸ್ ಹಾಕಿಕೊಂಡರೆ ಶುಗರ್ ತೀರಾ ಕೆಳಗೆ ಹೋಗಿ ತಲೆ ತಿರುಗಿ ಬೀಳಬಹುದು, ಆದ್ದರಿಂದ ನಿಮ್ಮ ಶುಗರ್ ಡಾಕ್ಟರಿಗೆ ಮೊದಲೇ ತಾರೀಖು ತಿಳಿಸಿ. ಇನ್ನೊಂದು, ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ಮೊದಲ ವಾರಗಳಲ್ಲಿ ಜ್ವರ, ನಾಡಿ ಜೋರು, ಹೊಟ್ಟೆನೋವು, ನಿಲ್ಲದ ವಾಂತಿ ಬಂದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ಬರಬೇಕು ಅಂತ ಬರೆಸಿಕೊಳ್ಳಿ. ಹೊಲಿಗೆ ಸೋರಿದರೆ "ಗ್ಯಾಸ್ ಇರಬೇಕು" ಅಂತ ಬೆಳಗಿನ ತನಕ ಕಾಯುವ ಹಾಗಿಲ್ಲ.

ಪ್ರಶ್ನೆ: ಮಗಳಿಗೆ 26 ವರ್ಷ, ಎತ್ತರ 160 ಸೆಂ.ಮೀ., ತೂಕ 66 ಕೆ.ಜಿ. ಮದುವೆ ನೋಡುತ್ತಿದ್ದೇವೆ. ಬೇರೆ ಕಾಯಿಲೆ ಇಲ್ಲ. ಜಾಹೀರಾತು ನೋಡಿ ತೂಕದ ಆಪರೇಷನ್ ಮಾಡಿಸ್ತೀನಿ ಅಂತ ಹಟ ಹಿಡಿದಿದ್ದಾಳೆ. (ತಾಯಿ, ಹುಬ್ಬಳ್ಳಿ)

ಉತ್ತರ: ಬೇಡ ತಾಯಿ. ಬಿಎಂಐ 26ರ ಹತ್ತಿರ ಇದೆ. ಏಷ್ಯಾದವರ ಲೆಕ್ಕ ಹಿಡಿದರೂ ಆಪರೇಷನ್ ಗೆರೆಯೊಳಗೆ ಬರುವುದಿಲ್ಲ. ಈ ತೂಕಕ್ಕೆ ಯಾರಾದರೂ ಸರ್ಜನ್ ಹೂಂ ಅಂದರೆ ಎರಡನೇ ಸಲ ಯೋಚಿಸದೆ ಎದ್ದು ಬನ್ನಿ. ಆಪರೇಷನ್ ಆದ ಮೇಲೆ ಒಂದರಿಂದ ಒಂದೂವರೆ ವರ್ಷ ಬಸಿರಾಗಬಾರದು ಅನ್ನುವ ನಿಯಮವೂ ಇದೆ, ಮದುವೆ ಮನೆಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. ಮುಟ್ಟು ಸರಿಯಾಗಿ ಬರುತ್ತಿಲ್ಲದಿದ್ದರೆ ಥೈರಾಯ್ಡ್ ಮತ್ತು ಪಿಸಿಒಡಿ (ಅಂಡಾಶಯದ, ಹಾರ್ಮೋನಿನ ತೊಂದರೆ) ನೋಡಿಸಿ. ಉಣಕಲ್ ಕೆರೆಯ ಹತ್ತಿರ ಮನೆಯಿದ್ದರೆ ಅಮ್ಮ ಮಗಳು ಇಬ್ಬರೂ ಬೆಳಿಗ್ಗೆ ನಡೆಯಲು ಹೋಗಿ. ಹುಡುಗನ ಕಡೆಯವರಿಗೆ ತೂಕದ್ದೇ ತಕರಾರಾದರೆ, ಅದಕ್ಕೆ ಮದ್ದು ಮಗಳ ಹೊಟ್ಟೆಯಲ್ಲಿಲ್ಲ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ವಯಸ್ಸು 49, ತೂಕ 127 ಕೆ.ಜಿ. ಇಪ್ಪತ್ತು ವರ್ಷದಿಂದ ಗುಟ್ಕಾ ಅಭ್ಯಾಸ, ವಾರದಲ್ಲಿ ಎರಡು ಮೂರು ದಿನ ಸಂಜೆ ಡ್ರಿಂಕ್ಸ್. ಒಬ್ಬ ಸರ್ಜನ್ "ಗುಟ್ಕಾ ಬಿಟ್ಟು ಬಾ, ಆಮೇಲೆ ನೋಡೋಣ" ಅಂದರು. ಇನ್ನೊಬ್ಬರು ಮುಂದಿನ ವಾರವೇ ಡೇಟ್ ಕೊಟ್ಟಿದ್ದಾರೆ. ಬೇಗ ಮಾಡುವವರ ಹತ್ತಿರವೇ ಹೋಗಲೇ?

ಉತ್ತರ: ಸಾಹುಕಾರ್ರೇ, ಮೊದಲನೆಯವರ ಹತ್ತಿರ ಹೋಗಿ. ಗಿರಾಕಿಯನ್ನು ವಾಪಸ್ ಕಳಿಸಿದ ಅಂಗಡಿಯವನಿಗೆ ಏನೋ ಕಾರಣ ಇರುತ್ತದೆ ಅಂತ ವ್ಯಾಪಾರಿಯಾದ ನಿಮಗೆ ನಾನು ಹೇಳಬೇಕಾ?

ಎರಡನೆಯವರಿಗೆ ನೀವು ಗುಟ್ಕಾ ವಿಷಯ ಹೇಳಿದ್ದೀರಾ ಅಂತ ನನಗೆ ಸಂಶಯ. ಒಂದು ಕಡೆ ಬೈಸಿಕೊಂಡವರು ಮುಂದಿನ ಕಡೆ ಬಾಯಿ ಮುಚ್ಚಿಕೊಂಡಿರುತ್ತಾರೆ. "ಸಿಗರೇಟ್ ಸೇದ್ತೀರಾ?" ಅಂದರೆ "ಇಲ್ರಿ" ಅಂತಾರೆ, ಕಿಸೆಯಲ್ಲಿ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಇರುತ್ತದೆ. ಹೊಗೆಯಾಗಲಿ ಜಗಿಯುವುದಾಗಲಿ, ನಿಕೋಟಿನ್ ರಕ್ತನಾಳ ಬಿಗಿಸುತ್ತದೆ. ರಕ್ತ ಸರಿಯಾಗಿ ಹರಿಯದ ಕಡೆ ಗಾಯ ಮಾಯುವುದು ತಡ, ಬೈಪಾಸ್ ಜೋಡಣೆಯಲ್ಲಿ ಹುಣ್ಣು ಬೇಗ. ಆಪರೇಷನ್ ಆಗಿ ತಿಂಗಳಾದ ಮೇಲೆ ಮತ್ತೆ ಶುರು ಮಾಡಿದರೂ ಇದೇ ಕಥೆ.

ಡ್ರಿಂಕ್ಸ್ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಬೈಪಾಸ್ ಆದವರಿಗೆ ಒಂದೇ ಗ್ಲಾಸು ಬೇಗ ಏರುತ್ತದೆ, ಇಳಿಯುವುದು ತಡ. ಊಟದ ರುಚಿಯಲ್ಲಿ ಸಿಗುತ್ತಿದ್ದ ಸಮಾಧಾನ ತಪ್ಪಿದಾಗ ಕೆಲವರು ಆ ಕಡೆ ವಾಲುತ್ತಾರೆ. ವಾರಕ್ಕೆ ಮೂರು ದಿನ ಇದ್ದದ್ದು ದಿನಾ ಆಗಬಹುದು. ಇಬ್ಬರು ಸರ್ಜನ್‌ಗಳಿಗೂ ಎಷ್ಟು ಪೆಗ್ ಅಂತ ಸರಿಯಾದ ಲೆಕ್ಕ ಕೊಡಿ. ಮನೆಯವರನ್ನೂ ಕರೆದುಕೊಂಡು ಹೋಗಿ, ಅವರ ಎದುರಿಗೆ ಲೆಕ್ಕ ತಪ್ಪುವುದಿಲ್ಲ.

ಪ್ರಶ್ನೆ: ಧಾರವಾಡ. ವಯಸ್ಸು 51, ಎತ್ತರ 172 ಸೆಂ.ಮೀ., ತೂಕ 98 ಕೆ.ಜಿ. ಶುಗರ್ ಯಾವ ಔಷಧಿಗೂ ಬಗ್ಗುತ್ತಿಲ್ಲ. ಸರ್ಜನ್ ಬೈಪಾಸ್ ಮಾಡಬಹುದು ಅಂತಾರೆ. ಇನ್ಶೂರೆನ್ಸ್ ಕಂಪನಿ "ನೀವು ಅರ್ಹರಲ್ಲ" ಅಂತ ಪತ್ರ ಕಳಿಸಿದೆ. ಸುಳ್ಳು ಹೇಳ್ತಿರೋದು ಯಾರು?

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ ಸರ್. ನಿಮ್ಮ ಬಿಎಂಐ ಸುಮಾರು 33. ಹತೋಟಿಗೆ ಬಾರದ ಶುಗರ್ ಇದ್ದರೆ 30ರಿಂದ 35ರ ನಡುವಿನವರಿಗೂ ಆಪರೇಷನ್ ಯೋಚಿಸಬಹುದು, ಇದು ವೈದ್ಯರ ಮಾರ್ಗಸೂಚಿ. ಇನ್ಶೂರೆನ್ಸ್ ಗೆರೆ ಬೇರೆ. ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ನಿಗದಿ ಮಾಡಿದ ಷರತ್ತಿನ ಪ್ರಕಾರ ಬಿಎಂಐ 40 ಇರಬೇಕು. ಇಲ್ಲವೇ 35 ಇದ್ದು ಜೊತೆಗೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವುದು) ಅಥವಾ ಹತೋಟಿ ಮೀರಿದ ಟೈಪ್ 2 ಶುಗರ್ ಇರಬೇಕು, ಬೇರೆ ಉಪಾಯ ಫಲಿಸದೆ ಹೋಗಿರಬೇಕು. ಅದು ಹಣದ ಗೆರೆ, ನಿಮ್ಮ ಶುಗರ್‌ಗೂ ಅದಕ್ಕೂ ಸಂಬಂಧ ಇಲ್ಲ. ಕ್ಲೇಮ್ ಸಿಗಲಿ ಅಂತ ತೂಕ ಹೆಚ್ಚಿಸಿಕೊಂಡು ಬರ್ತೀನಿ ಅನ್ನುವವರು ಸಿಗುತ್ತಾರೆ, ಆ ಯೋಚನೆ ಮಾಡಬೇಡಿ.

ನಿಮ್ಮ ಸರ್ಜನ್ ಮಾತು ಮಾರ್ಗಸೂಚಿಯೊಳಗೇ ಇದೆ. ಆದರೂ ಕೈಯಿಂದ ದುಡ್ಡು ಹಾಕುವ ಮೊದಲು ಶುಗರ್ ಡಾಕ್ಟರ್ ಜೊತೆ ಒಮ್ಮೆ ಕೂತು ಮಾತಾಡಿ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ವಾರಕ್ಕೊಂದು ಇಂಜೆಕ್ಷನ್‌ಗಳು 2025ರಲ್ಲಿ ತೂಕ ಇಳಿಸಲೆಂದೇ ನಮ್ಮ ದೇಶಕ್ಕೂ ಬಂದಿವೆ. ನಿಮ್ಮ ತೂಕದವರಿಗೆ ಅದನ್ನು ಮೊದಲು ನೋಡುವುದು ತಪ್ಪಲ್ಲ. ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ವಾಪಸ್ ಬರುತ್ತದೆ, ಹಾಗಾಗಿ ತಿಂಗಳ ಖರ್ಚನ್ನು ವರ್ಷಗಟ್ಟಲೆ ಲೆಕ್ಕ ಹಾಕಿ ಆಪರೇಷನ್ ಖರ್ಚಿನ ಪಕ್ಕ ಇಟ್ಟು ನೋಡಿ. ಸಿ-ಪೆಪ್ಟೈಡ್ ಪರೀಕ್ಷೆ ಮಾಡಿಸಿದ್ದೀರಾ? ಮೇದೋಜ್ಜೀರಕ ಇನ್ನೂ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅಂತ ಅದು ತೋರಿಸುತ್ತದೆ. ಅಲ್ಲಿ ಬಹಳ ಕಡಿಮೆ ಬಂದರೆ ಬೈಪಾಸ್ ಮಾಡಿಸಿದರೂ ಶುಗರ್ ಪೂರ್ತಿ ಬಿಡುವ ಸಾಧ್ಯತೆ ಕಡಿಮೆ. ಆ ರಿಪೋರ್ಟ್ ಬಂದ ಮೇಲೆ ಸರ್ಜನ್‌ಗೆ ತೋರಿಸಿ, ಆಗಲೂ ಬೈಪಾಸ್ ಅಂತಾರಾ ಕೇಳಿ.