ವೇಗವಿಲ್ಲದ ಮಧ್ಯಮ ವೇಗಿಗಳು ಟೆಸ್ಟ್‌ನಲ್ಲಿ ವಿಕೆಟ್ ಪಡೆಯುವುದು ಹೇಗೆ?

ಗಂಟೆಗೆ 130 ಕಿ.ಮೀ. ಆಸುಪಾಸಿನ ವೇಗದಲ್ಲೇ ದಕ್ಷಿಣ ಆಫ್ರಿಕಾದ ವರ್ನನ್ ಫಿಲಾಂಡರ್ 64 ಟೆಸ್ಟ್‌ಗಳಲ್ಲಿ 224 ವಿಕೆಟ್ ಪಡೆದರು. ಅವರ ಎಸೆತ ನೆಟ್ಟಗೆ ನಿಂತ ಸೀಮ್‌ನೊಂದಿಗೆ (ಚೆಂಡಿನ ಉಬ್ಬಿದ ಹೊಲಿಗೆ) ಆಫ್ ಸ್ಟಂಪ್‌ನ ಅಂಚಿನಲ್ಲಿ, ಮುಂದೆ ಬರಬೇಕೋ ಹಿಂದೆ ಸರಿಯಬೇಕೋ ಎಂದು ಗೊಂದಲ ಹುಟ್ಟಿಸುವ ಲೆಂತ್‌ನಲ್ಲಿ (ಚೆಂಡು ಪಿಚ್‌ನಲ್ಲಿ ಬೀಳುವ ದೂರ) ಮತ್ತೆ ಮತ್ತೆ ಬೀಳುತ್ತಿದ್ದುದರಿಂದ, ಅದನ್ನು ಬಿಡುವ ಧೈರ್ಯವಾಗಲಿ ಹೊಡೆಯುವ ಅವಕಾಶವಾಗಲಿ ಬ್ಯಾಟರ್‌ಗೆ ಸಿಗುತ್ತಿರಲಿಲ್ಲ. ಸೀಮ್ ಮೇಲೆ ಬಿದ್ದು ಪುಟಿದ ಚೆಂಡು ಬ್ಯಾಟಿನ ಅರ್ಧ ಅಗಲದಷ್ಟು ಸರಿದರೆ ಸಾಕು, ಬ್ಯಾಟಿನ ಅಂಚಿಗೆ ತಗಲಿ ಕ್ಯಾಚ್‌ಗೆ ಅವಕಾಶ ಸಿಗುತ್ತದೆ; ಇನ್ನೂ ಹೆಚ್ಚು ಸರಿದರೆ ಬ್ಯಾಟನ್ನೇ ತಪ್ಪಿಸಿಕೊಂಡು ಕೀಪರ್ ಕೈ ಸೇರುತ್ತದೆ. 2011ರಲ್ಲಿ ಕೇಪ್‌ಟೌನ್‌ನ ತಮ್ಮ ಚೊಚ್ಚಲ ಟೆಸ್ಟ್‌ನಲ್ಲೇ, ಆಸ್ಟ್ರೇಲಿಯಾ 47ಕ್ಕೆ ಕುಸಿದ ಆ ಇನಿಂಗ್ಸ್‌ನಲ್ಲಿ, ಅವರು 15 ರನ್ನಿಗೆ 5 ವಿಕೆಟ್ ಕಿತ್ತರು. ಆದರೆ ಹುಲ್ಲಿಲ್ಲದ ಉಪಖಂಡದ ಪಿಚ್‌ಗಳಲ್ಲಿ, ಚೆಂಡು ಹಳತಾದ ಮೇಲೆ, ಇದೇ ನಿಖರತೆ ಬಹುಮಟ್ಟಿಗೆ ರನ್ ತಡೆಯುವುದಕ್ಕಷ್ಟೇ ಒದಗುತ್ತದೆ.