ಸಣ್ಣ ಅಂಗಡಿಯವರು ಕೆಲಸದವರಿಗೆ ಕವರ್ಡ್ ಕ್ಯಾಲಿಫೋರ್ನಿಯಾ ಪ್ಲಾನ್ ಮಾಡಿಸಬೇಕಾ?

ಫ್ರೀಮಾಂಟ್‌ನಲ್ಲಿ ಡೇಕೇರ್, ಐದು ಜನ ಕೆಲಸದವರು. "ಅವರಿಗೂ ಅವರ ಮನೆಯವರಿಗೂ ಇನ್ಶೂರೆನ್ಸ್ ಮಾಡಿಸೋಣ ಅಂತಿದ್ದೇನೆ, ಯಾವ ಪ್ಲಾನ್ ಒಳ್ಳೇದು?" ಅಂತ ಕೇಳಿದ್ದೀರಿ. ಪ್ಲಾನ್ ಮಾತು ಆಮೇಲೆ. ಆ "ಮನೆಯವರಿಗೂ" ಅನ್ನೋ ಮಾತು ಓದಿದಾಗಲೇ ನನಗೆ ಎದೆ ಧಸಕ್ ಅಂದಿತು.

2016ರ ಕೊನೆ. ಸನ್ನಿವೇಲ್ ಹತ್ತಿರ ನನ್ನದೊಂದು ಚಿಕ್ಕ ತಿಂಡಿ ಹೋಟೆಲ್. ಆರು ಜನ ಕೆಲಸಕ್ಕಿದ್ದರು. ದೋಸೆ ಕಾವಲಿ ನೋಡಿಕೊಳ್ಳುತ್ತಿದ್ದವರು ಕುಂದಾಪುರದ ಕಡೆಯವರು. ಗ್ರೀನ್ ಕಾರ್ಡ್ ಇತ್ತು, ಹೆಂಡತಿ, ಇಬ್ಬರು ಮಕ್ಕಳು. ಅವರು ಬಂದ ಮೇಲೆ ಶನಿವಾರ ಬಾಗಿಲ ಹೊರಗೆ ಕ್ಯೂ ನಿಲ್ಲುತ್ತಿತ್ತು. ಇಂಥವರನ್ನು ಬಿಟ್ಟುಕೊಡಬಾರದು, ಏನಾದರೂ ಮಾಡಬೇಕು ಅಂತ ನನಗೆ ಆಸೆ.

ಆಗ ಒಬ್ಬ ಏಜೆಂಟ್ ಬಂದರು. ಕವರ್ಡ್ ಕ್ಯಾಲಿಫೋರ್ನಿಯಾ ಅಂದರೆ ನಮ್ಮ ರಾಜ್ಯದ ಆರೋಗ್ಯ ಇನ್ಶೂರೆನ್ಸ್ ಮಾರುಕಟ್ಟೆ; ಅದರ ಸಣ್ಣ ವ್ಯಾಪಾರದ ವಿಭಾಗದಲ್ಲಿ ಪ್ಲಾನ್ ತೆಗೆದುಕೊಂಡರೆ ಕೇಂದ್ರದಿಂದ ಟ್ಯಾಕ್ಸ್ ಕ್ರೆಡಿಟ್, ಅಂದರೆ ಕಟ್ಟುವ ತೆರಿಗೆಯಲ್ಲಿ ಕಡಿತ, ಸಿಗುತ್ತದೆ ಅಂದರು. ಅದು ನಿಜವೇ. 25ಕ್ಕಿಂತ ಕಡಿಮೆ ಜನ ಇರಬೇಕು, ಸರಾಸರಿ ಸಂಬಳ ಕಡಿಮೆ ಇರಬೇಕು, ಪ್ರೀಮಿಯಂನಲ್ಲಿ ಅರ್ಧವಾದರೂ ನಾವು ಕಟ್ಟಬೇಕು. ಸಿಗೋದು ಎರಡು ವರ್ಷಕ್ಕೆ ಮಾತ್ರ. ನಾನು ಮುಕ್ಕಾಲು ಕಟ್ಟುತ್ತೇನೆ ಅಂದೆ. ಫಾರಂನಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಡಿಪೆಂಡೆಂಟ್‌ಗಳಿಗೂ (ಕೆಲಸದವರ ಹೆಂಡತಿ, ಗಂಡ, ಮಕ್ಕಳಿಗೂ) ಈ ಪ್ಲಾನ್ ಸೇರುವ ಅವಕಾಶ ಕೊಡುತ್ತೀರಾ? ಅವರ ಪಾಲಿಗೆ ನಾನು ಒಂದು ಡಾಲರ್ ಕೂಡ ಹಾಕಬೇಕಿರಲಿಲ್ಲ. ಬೇಕಾದವರು ಪೂರ್ತಿ ತಾವೇ ಕಟ್ಟಿ ಸೇರಿಕೊಳ್ಳಲಿ, ನನ್ನದೇನು ಹೋಗುತ್ತದೆ? ಟಿಕ್ ಹಾಕಿದೆ.

ಆ ಟಿಕ್ಕೇ ನನ್ನ ತಪ್ಪು. ಅದೊಂದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

ಈ ಮಾರುಕಟ್ಟೆ ಹುಟ್ಟಿದ್ದು 2010ರಲ್ಲಿ. ಒಬಾಮಾ ಕಾಲದ ಆರೋಗ್ಯ ಇನ್ಶೂರೆನ್ಸ್ ಕಾನೂನು ಬಂದ ವರ್ಷವೇ ಗವರ್ನರ್ ಶ್ವಾರ್ಜ್‌ನೆಗರ್ ಸಹಿ ಹಾಕಿದರು. ಆ ಕಾನೂನಿನ ಕೆಳಗೆ ಸ್ವಂತ ಮಾರುಕಟ್ಟೆ ಕಟ್ಟಲು ಹೊರಟ ಮೊದಲ ರಾಜ್ಯ ನಮ್ಮದೇ. 2013ರ ಅಕ್ಟೋಬರ್‌ನಲ್ಲಿ ಅದು ತೆರೆಯಿತು. ಒಂದೇ ಕಟ್ಟಡ, ಎರಡು ಬಾಗಿಲು ಅಂತ ಇಟ್ಟುಕೊಳ್ಳಿ. ಒಂದು ಬಾಗಿಲು ಜನ ತಮಗೆ ತಾವೇ ಕೊಳ್ಳೋದಕ್ಕೆ, ಇನ್ನೊಂದು ನಮ್ಮಂಥ ಅಂಗಡಿಯವರಿಗೆ. ಮನೆಯ ಆದಾಯ ನೋಡಿ ಕೊಡುವ ಸಬ್ಸಿಡಿ ಇರೋದು ಮೊದಲ ಬಾಗಿಲಲ್ಲಿ. ಮಾಲೀಕರ ಕಡೆಯಿಂದ "ಕೈಗೆಟುಕುವ" ಇನ್ಶೂರೆನ್ಸ್ ಸಿಗುತ್ತಿದೆ ಅಂತಾದರೆ ಆ ಸಬ್ಸಿಡಿ ಇಲ್ಲ. ಕೆಲಸಗಾರರು ಸೇರಲೇಬೇಕು ಅಂತಿಲ್ಲ, ಸೇರುವ ಅವಕಾಶ ಇದ್ದರೇ ಸಾಕು.

ಕೈಗೆಟುಕುತ್ತದೋ ಇಲ್ಲವೋ ಅಂತ ಆಗ ಹೇಗೆ ಅಳೆಯುತ್ತಿದ್ದರು ಗೊತ್ತಾ? ಕೆಲಸಗಾರನ ಒಬ್ಬನ ಪ್ರೀಮಿಯಂ ಮಾತ್ರ ನೋಡುತ್ತಿದ್ದರು. 2017ಕ್ಕೆ ಮಿತಿ ಮನೆಯ ಆದಾಯದ ಶೇ. 9.69. ನಮ್ಮ ದೋಸೆಯವರ ಮನೆಗೆ ಗಂಡ ಹೆಂಡತಿ ಇಬ್ಬರದೂ ಸೇರಿ ವರ್ಷಕ್ಕೆ 42,000 ಡಾಲರ್ ಬರುತ್ತಿತ್ತು. ಮಿತಿ ತಿಂಗಳಿಗೆ ಸುಮಾರು 339 ಡಾಲರ್ ಆಯಿತು. ಅವರ ಸ್ವಂತ ಪಾಲು 90. ಸರಿ, ಕೈಗೆಟುಕುತ್ತದೆ! ಹೆಂಡತಿಯನ್ನು ಸೇರಿಸಬೇಕಾದರೆ ಮೇಲೆ 400 ಡಾಲರ್ ಬೇಕಿತ್ತು. ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆದರೆ ಹೆಂಡತಿಗೂ ಅವಕಾಶ ಇದೆ ಅಂತ ನಾನು ಟಿಕ್ ಹಾಕಿದ್ದೆನಲ್ಲ, ಹಾಗಾಗಿ ಆಕೆಗೆ ಸಬ್ಸಿಡಿಯ ಅರ್ಹತೆಯೇ ಹೋಯಿತು. ಟಿಕ್ ಹಾಕದೆ ಬಿಟ್ಟಿದ್ದರೆ ಉಳಿಯುತ್ತಿತ್ತು. ಮಕ್ಕಳು ಮೆಡಿ-ಕ್ಯಾಲ್‌ನಲ್ಲಿದ್ದರು (ಕಡಿಮೆ ಆದಾಯದವರಿಗೆ ಸರ್ಕಾರದ ಇನ್ಶೂರೆನ್ಸ್), ಪುಣ್ಯ.

ಇದಕ್ಕೆ ‘ಫ್ಯಾಮಿಲಿ ಗ್ಲಿಚ್’ (ಮನೆಯವರನ್ನು ಸಿಕ್ಕಿಸುವ ತೊಡಕು) ಅಂತ ಹೆಸರೇ ಇತ್ತು. ನನಗೆ ಗೊತ್ತಾಗಿದ್ದು 2018ರ ಮಾರ್ಚ್‌ನಲ್ಲಿ. ಹೆಂಡತಿ ಮೊದಲ ಬಾಗಿಲಲ್ಲಿ ಕೊಂಡಿದ್ದ ಬೆಳ್ಳಿ (ಸಿಲ್ವರ್, ಮಧ್ಯಮ ದರ್ಜೆಯ) ಪ್ಲಾನ್ ತನ್ನಷ್ಟಕ್ಕೆ ರಿನ್ಯೂ ಆಗಿ, ಹಿಂದಿನ ವರ್ಷವೆಲ್ಲ ಸಬ್ಸಿಡಿ ಬಂದಿತ್ತು. ಟ್ಯಾಕ್ಸ್ ತುಂಬುವಾಗ, ಬಂದ ಸಬ್ಸಿಡಿಯ ಲೆಕ್ಕ ಒಪ್ಪಿಸುವ 8962 ಅನ್ನೋ ಫಾರಂನಲ್ಲಿ ಸಿಕ್ಕಿಬಿದ್ದಿತು. ವಾಪಸ್ ಕಟ್ಟೋದಕ್ಕೆ ಆಗ ಒಂದು ಮಿತಿ ಇತ್ತು, ಅವರಿಗೆ 600 ಡಾಲರ್‌ಗೆ ನಿಂತಿತು. ಮುಂದಿನ ತಿಂಗಳಿಂದ ಮಾತ್ರ ಪೂರ್ತಿ ಪ್ರೀಮಿಯಂ. ಕಾಗದ ಹಿಡಿದುಕೊಂಡು ಬಂದು ಕೇಳಿದರು: "ಅಕ್ಕ, ನೀವು ಒಳ್ಳೇದಕ್ಕೇ ಮಾಡಿದ್ದು ಅಲ್ವಾ? ಮತ್ತೆ ನಾವ್ಯಾಕೆ ದಂಡ ಕಟ್ಟಬೇಕು?"

ನಾನು ರಾಜ್ಯದವರನ್ನು ಬಾಯಿಗೆ ಬಂದಂತೆ ಬೈದೆ. ಆ ನಿಯಮ ರಾಜ್ಯದ್ದಲ್ಲ, ಕೇಂದ್ರದ ತೆರಿಗೆ ಇಲಾಖೆಯದು ಅಂತ ಆಮೇಲೆ ತಿಳಿಯಿತು. ಟಿಕ್ ತೆಗೆಯಲು ನನ್ನ ಪ್ಲಾನ್ ಮುಂದಿನ ಜನವರಿಯಲ್ಲಿ ರಿನ್ಯೂ ಆಗುವ ತನಕ ಕಾಯಬೇಕು ಅಂತ ಏಜೆಂಟ್ ಅಂದರು. ಅಷ್ಟರೊಳಗೆ ಅವರು ಹೆಂಡತಿಯ ಪ್ಲಾನ್ ಬಿಡಿಸಿ, ಮಳೆಗಾಲದ ಹೊತ್ತಿಗೆ (ಇಲ್ಲಿ ಮಳೆ ಎಲ್ಲಿ, ಊರ ಲೆಕ್ಕ!) ಟೆಕ್ಸಾಸ್‌ನಲ್ಲಿದ್ದ ಭಾವನ ಹತ್ತಿರ ಹೊರಟುಹೋದರು. ಆರು ತಿಂಗಳು ವಾರಾಂತ್ಯದಲ್ಲಿ ದೋಸೆ ನಿಲ್ಲಿಸಿದೆ. ಟ್ಯಾಕ್ಸ್ ಕ್ರೆಡಿಟ್ ಅಂತ ಉಳಿದದ್ದು ಅದರ ಮುಂದೆ ಏನೇನೂ ಅಲ್ಲ.

ಈಗ ಆ ಗ್ಲಿಚ್ ಇಲ್ಲ, ನಿಜ. 2022ರಲ್ಲಿ ನಿಯಮ ಬದಲಾಯಿತು. 2023ರಿಂದ ಮನೆಯವರ ವಿಷಯಕ್ಕೆ ಮನೆಯವರನ್ನೂ ಸೇರಿಸಿದ ಪ್ರೀಮಿಯಂ ನೋಡುತ್ತಾರೆ. ಆದರೆ ಕೆಲಸಗಾರರ ಸ್ವಂತ ಸಬ್ಸಿಡಿಗೆ ಹಳೇ ಅಳತೆಯೇ. ನಿಮ್ಮ ಡೇಕೇರ್‌ನಲ್ಲಿ ಕಡಿಮೆ ಸಂಬಳದವರು ಮೊದಲ ಬಾಗಿಲಿನ ಬೆಳ್ಳಿ ಪ್ಲಾನ್‌ನಲ್ಲಿದ್ದರೆ ಅವರಿಗೆ ಪ್ರೀಮಿಯಂ ಜೊತೆ ಡಿಡಕ್ಟಿಬಲ್ಲೂ (ಇನ್ಶೂರೆನ್ಸ್ ಕೊಡೋದಕ್ಕೆ ಮೊದಲು ಕೈಯಿಂದ ಹಾಕಬೇಕಾದ ದುಡ್ಡು) ತುಂಬಾ ಕಡಿಮೆ ಇರಬಹುದು. ನೀವು ಅಗ್ಗದ್ದು ನೋಡಿ ಅದಕ್ಕಿಂತ ಕೆಳಗಿನ ದರ್ಜೆಯ ಕಂಚಿನ (ಬ್ರಾಂಜ್) ಪ್ಲಾನ್ ಕೊಟ್ಟು ಅದನ್ನೇ ಕಿತ್ತುಕೊಳ್ಳುತ್ತೀರಿ.

ಆದ್ದರಿಂದ ಇನ್ಶೂರೆನ್ಸ್ ಕೊಟ್ಟರೆ ಒಳ್ಳೇದು ಮಾಡಿದ ಹಾಗೆ ಅನ್ನೋದನ್ನೇ ನಾನು ಒಪ್ಪುವುದಿಲ್ಲ. 50 ಜನಕ್ಕಿಂತ ಕಡಿಮೆ ಇದ್ದರೆ ಕೊಡಲೇಬೇಕು ಅಂತ ಕಾನೂನೂ ಇಲ್ಲ. ಆ ದುಡ್ಡು ಸಂಬಳಕ್ಕೆ ಸೇರಿಸಿ. ಸಬ್ಸಿಡಿ ಸ್ವಲ್ಪ ಇಳಿಯಬಹುದು, ಕಡಿಮೆ ಸಂಬಳದವರಿಗೆ ಪೂರ್ತಿ ಹೋಗುವುದಿಲ್ಲ. ಎಲ್ಲರಿಗೂ ಒಳ್ಳೆ ಸಂಬಳ ಇದ್ದು, ಯಾರಿಗೂ ಸಬ್ಸಿಡಿ ಇಲ್ಲ ಅಂತಾದರೆ ಮಾತು ಬೇರೆ, ಆಗ ಧಾರಾಳವಾಗಿ ಕೊಡಿ.

ಮೊದಲು ಐದೂ ಜನರನ್ನು ಕೂರಿಸಿಕೊಂಡು ಕೇಳಿ: ಈಗ ಯಾವ ಪ್ಲಾನ್, ಕೈಯಿಂದ ಎಷ್ಟು ಕಟ್ಟುತ್ತಿದ್ದಾರೆ, ಮನೆಯವರು ಎಲ್ಲಿದ್ದಾರೆ. ಹೆಸರು ಬೇಡ, ಲೆಕ್ಕ ಮಾತ್ರ ಇಲ್ಲಿ ಬರೆಯಿರಿ. ಅಲ್ಲೀವರೆಗೆ ಏಜೆಂಟ್ ಕೊಟ್ಟ ಯಾವ ಫಾರಂನಲ್ಲೂ ಟಿಕ್ ಹಾಕಬೇಡಿ.