ಟ್ಯಾಂಕ್ ಬತ್ತಿದರೆ ಪಂಪ್ ಸುಡುತ್ತದೆ

ಪ್ರಶ್ನೆ: ನಮ್ಮದು 2011ರ ಮಾರುತಿ ಓಮ್ನಿ, ಎಂಪಿಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿ, ಎಲ್‌ಪಿಜಿ ಕಿಟ್ ಹಾಕಿಸಿದ್ದೇವೆ. ಗಂಗಾವತಿಯಿಂದ ಕುಷ್ಟಗಿ, ಕೊಪ್ಪಳದ ಸಂತೆಗಳಿಗೆ ತರಕಾರಿ ಸಾಗಿಸುತ್ತೇವೆ. ಗ್ಯಾಸ್ ಮೇಲೆ ಚೆನ್ನಾಗಿ ಓಡುತ್ತದೆ. ಪೆಟ್ರೋಲ್‌ಗೆ ಹಾಕಿದರೆ ಮಧ್ಯಾಹ್ನದ ಹೊತ್ತು ಲೋಡ್ ಎಳೆಯುವುದಿಲ್ಲ, ಬಂದ್ ಬಿದ್ದರೆ ಅರ್ಧ ಗಂಟೆ ಚಾಲೂ ಆಗುವುದಿಲ್ಲ. ಎರಡು ವರ್ಷದ ಹಿಂದೆ ಹಾಕಿಸಿದ ಫ್ಯೂಯೆಲ್ ಪಂಪ್ ಮತ್ತೆ ಹೋಗಿದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಅದರ ಬಾಳಿಕೆ ಇಷ್ಟೇನಾ?
– ತರಕಾರಿ ವ್ಯಾಪಾರಿ, ಗಂಗಾವತಿ

ಉತ್ತರ: ಇಷ್ಟು ಬೇಗ ಹೋಗಬಾರದು. ಒಳ್ಳೆಯ ಪಂಪ್ ಸಾಮಾನ್ಯವಾಗಿ ಲಕ್ಷ, ಒಂದೂವರೆ ಲಕ್ಷ ಕಿಲೋಮೀಟರ್ ಬರುತ್ತದೆ. ಗ್ಯಾಸ್ ಕಿಟ್ ಇರುವ ಗಾಡಿಗಳಲ್ಲಿ ಅದು ಬೇಗ ಸಾಯಲು ಕಾರಣವಿದೆ. ಪಂಪಿನ ಮೋಟಾರು ಪೆಟ್ರೋಲಿನಲ್ಲೇ ಮುಳುಗಿರುತ್ತದೆ, ಅದೇ ಪೆಟ್ರೋಲ್ ಮೋಟಾರನ್ನು ತಣ್ಣಗಿಡುತ್ತದೆ. ಗ್ಯಾಸ್ ಇದೆಯೆಂದು ಟ್ಯಾಂಕಿನಲ್ಲಿ ಒಂದೆರಡು ಲೀಟರ್ ಮಾತ್ರ ಇಟ್ಟುಕೊಂಡರೆ ಮೋಟಾರು ಬಿಸಿಯಾಗುತ್ತದೆ, ಅದಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆಯುತ್ತದೆ. ಎಷ್ಟೋ ಕಿಟ್‌ಗಳಲ್ಲಿ ಗ್ಯಾಸ್ ಮೇಲೆ ಓಡುವಾಗಲೂ ಪಂಪ್ ತಿರುಗುತ್ತಲೇ ಇರುತ್ತದೆ. ನಿಮ್ಮ ಕಿಟ್ ಹಾಗಿದ್ದರೆ, ಗ್ಯಾಸ್‌ಗೆ ಬದಲಾದ ಮೇಲೆ ಪಂಪ್ ನಿಲ್ಲುವಂತೆ ಕಿಟ್‌ನವರಿಂದಲೇ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕಿಸಿ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಂತೂ ಅರ್ಧ ಇದ್ದರೇ ಒಳ್ಳೆಯದು.

ಆದರೆ ಹೊಸ ಪಂಪಿಗೆ ದುಡ್ಡು ಹಾಕುವ ಮೊದಲು ಪರೀಕ್ಷೆ ಮಾಡಿಸಿ. ಗಾಡಿ ನಿಂತಾಗ ಪೆಟ್ರೋಲ್ ಮುಚ್ಚಳ ತೆಗೆಯಿರಿ. ಜೋರಾಗಿ ಗಾಳಿ ಎಳೆದುಕೊಂಡು, ಆಮೇಲೆ ಗಾಡಿ ಚಾಲೂ ಆದರೆ ಟ್ಯಾಂಕಿನ ಗಾಳಿದಾರಿ ಕಟ್ಟಿದೆ ಎಂದರ್ಥ. ಪೆಟ್ರೋಲ್ ಮೋಡ್‌ನಲ್ಲಿ ಚಾವಿ ಆನ್ ಮಾಡಿದಾಗ ಎರಡು-ಮೂರು ಸೆಕೆಂಡ್ ಗುಂಯ್ ಎನ್ನುವ ಸದ್ದು ಬರಬೇಕು. ಬರದಿದ್ದರೆ ಮೊದಲು ಫ್ಯೂಸ್, ರಿಲೇ ನೋಡಿಸಿ.

ಹೆಚ್ಚಿನವರು ತಪ್ಪುವುದು ವೋಲ್ಟೇಜ್ ಅಳೆಯುವಲ್ಲಿ. ಕನೆಕ್ಟರ್ ಬಿಚ್ಚಿ ಮೀಟರ್ ಇಟ್ಟರೆ 12 ವೋಲ್ಟ್ ಪೂರ್ತಿ ತೋರಿಸುತ್ತದೆ, ಏಕೆಂದರೆ ಆಗ ಕರೆಂಟೇ ಹರಿಯುತ್ತಿರುವುದಿಲ್ಲ. ಕನೆಕ್ಟರ್ ಹಾಕಿಕೊಂಡೇ, ಪಂಪ್ ಓಡುವಾಗ ಹಿಂದಿನಿಂದ ಪಿನ್ ಚುಚ್ಚಿ ಅಳೆಯಬೇಕು. ಬ್ಯಾಟರಿಯ ವೋಲ್ಟೇಜಿಗಿಂತ ಒಂದು ವೋಲ್ಟ್‌ಗೂ ಮೀರಿ ಕಡಿಮೆ ಬಂದರೆ ದೋಷ ವೈರ್‌ನಲ್ಲಿ, ಕನೆಕ್ಟರ್‌ನಲ್ಲಿ ಅಥವಾ ಅರ್ಥಿಂಗ್‌ನಲ್ಲಿ. ಹಳೆಯ ಗಾಡಿಗಳಲ್ಲಿ ಕನೆಕ್ಟರ್ ಪಿನ್ ಕಂದು ಬಣ್ಣಕ್ಕೆ ತಿರುಗಿ, ಸುತ್ತಲಿನ ಪ್ಲಾಸ್ಟಿಕ್ ಕರಗಿರುತ್ತದೆ. ಅದನ್ನು ಹಾಗೇ ಬಿಟ್ಟು ಪಂಪ್ ಬದಲಿಸಿದರೆ ಹೊಸದೂ ಬೇಗ ಹಾಳಾಗುತ್ತದೆ. ವೋಲ್ಟೇಜ್ ಸರಿಯಿದ್ದರೆ ಗೇಜ್ ಹಾಕಿಸಿ: ಒತ್ತಡ 3 ಬಾರ್ ಆಸುಪಾಸು ಇರಬೇಕು, ಆಫ್ ಮಾಡಿದ ತಕ್ಷಣ ಸೊನ್ನೆಗೆ ಬೀಳಬಾರದು. ಬಿಸಿಯಾದಾಗ ಮಾತ್ರ ಒತ್ತಡ ಕುಸಿದರೆ ಮೆಕ್ಯಾನಿಕ್ ಹೇಳಿದ್ದು ಸರಿ.

ಬದಲಿಸುವಾಗ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬಯಲಲ್ಲಿ ಕೆಲಸ ಮಾಡಿಸಿ. ಹತ್ತಿರ ವೆಲ್ಡಿಂಗ್, ಬೀಡಿ-ಸಿಗರೇಟ್ ಬೇಡವೇ ಬೇಡ. ಟ್ಯಾಂಕಿನ ತಳದ ಕೆಸರು, ತುಕ್ಕು, ನೀರು ತೆಗೆಸಿ. ಪಂಪಿನ ಕೆಳಗಿನ ಜಾಲರಿ, ಮೇಲಿನ ರಬ್ಬರ್ ಸೀಲ್, ಫಿಲ್ಟರ್ ಎಲ್ಲವೂ ಹೊಸದಿರಲಿ. ಬರೀ ಮೋಟಾರು ಬದಲಿಸುತ್ತಿದ್ದರೆ ಒಳಗಿನ ಪೈಪ್ ಪೆಟ್ರೋಲಿನಲ್ಲಿ ಮುಳುಗಿಡುವ ಜಾತಿಯದೇ ಆಗಬೇಕು. ಸಾಮಾನ್ಯ ಪೈಪಿಗೆ ಒಳಪದರವಷ್ಟೇ ಪೆಟ್ರೋಲ್ ತಡೆಯುತ್ತದೆ; ಮುಳುಗಿಸಿದರೆ ಹೊರಪದರ ಉಬ್ಬಿ ಬಿರಿಯುತ್ತದೆ, ಎಥನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಿ ಇನ್ನೂ ಬೇಗ.

ಪ್ರಶ್ನೆ: ಹಳೆಯ ಕಾರ್ಬ್ಯುರೇಟರ್ ಓಮ್ನಿಯಲ್ಲಿ ಎಂಜಿನ್ ಆಯಿಲ್ ಮಟ್ಟ ತಾನೇ ಏರುತ್ತಿದೆ, ಪೆಟ್ರೋಲ್ ವಾಸನೆ ಬರುತ್ತಿದೆ. ಓಡಿಸಬಹುದೇ?
– ಓದುಗರು, ಸಿರುಗುಪ್ಪ

ಉತ್ತರ: ಬೇಡ. ಎಂಜಿನ್ನಿಗೆ ಕೂಡಿಸಿದ ಮೆಕ್ಯಾನಿಕಲ್ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಹರಿದು ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತಿರುವ ಸಾಧ್ಯತೆಯೇ ಹೆಚ್ಚು. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ, ಬೆಂಕಿಯ ಅಪಾಯವೂ ಇದೆ. ಪಂಪ್ ಬದಲಿಸುವ ದಿನವೇ ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಹೊಸದಾಗಿ ಹಾಕಿಸಿ. ಆಮೇಲೂ ಮಟ್ಟ ಏರಿದರೆ ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುವುದನ್ನು ತಡೆಯುವ ನೀಡಲ್ ವಾಲ್ವ್ ನೋಡಿಸಿ.